ಬೆಳ್ಳಿಯ ಹಲ್ಲು ಒಪ್ಪಿಸಿದ ಮೇಲೆ

ಹಲ್ಲು ಮುರಿದುಕೊಂಡ ದೇವರನ್ನು ಮೊದಲು ನೆನೆದು, ನನ್ನ ಹಲ್ಲಿನ ಕಥೆಯನ್ನು ಭಜನಾ ಮಂಡಳಿಯ ಬಂಧುಗಳ ಮುಂದೆ ಇಡುತ್ತಿದ್ದೇನೆ. ನಿಮ್ಮಲ್ಲಿ ಅನೇಕರು ಇದರ ಅರ್ಧವನ್ನು ನನ್ನ ಬಾಯಿಂದಲೇ, ಮೈಕಿನಲ್ಲಿ ಕೇಳಿದ್ದೀರಿ. ಆ ಅರ್ಧ ಕಥೆಯಿಂದ ಆದ ಅನಾಹುತವನ್ನೂ ಸೇರಿಸಿ ಈಗ ಪೂರ್ತಿ ಬರೆಯುತ್ತೇನೆ.

ಕಳೆದ ವರ್ಷ, ಎಂದರೆ ಎಂಬತ್ತಾರರ ಮಳೆಗಾಲ ಶುರುವಾಗುವ ಹೊತ್ತಿಗೆ, ನನ್ನ ಬಲಗಡೆಯ ಕೆಳದವಡೆಯ ಹಲ್ಲೊಂದು ಚಹಾಕ್ಕೆ ನೋಯತೊಡಗಿತು. ಬಿಸಿ ತಾಗಿದಾಗ ಚುಳ್ಳೆಂದು ಹಿಡಿದದ್ದು ಲೋಟ ಕೆಳಗಿಟ್ಟು, ಪಾತ್ರೆ ತೊಳೆದು, ಸೀರೆಯುಟ್ಟು ಸ್ಟೇಶನ್ನಿಗೆ ಹೊರಟರೂ ಬಿಡುತ್ತಿರಲಿಲ್ಲ. ತಣ್ಣೀರನ್ನು ಬಾಯಲ್ಲಿ ಹಿಡಿದುಕೊಂಡರೆ ಮಾತ್ರ ತುಸು ಆರಾಮ. ಹಾಗಾಗಿ ದಿನಾ ಒಂದು ಬಾಟ್ಲಿ ತಣ್ಣೀರು ಹಿಡಿದುಕೊಂಡೇ ಮುಲುಂಡಿನಲ್ಲಿ ಲೋಕಲ್ ರೈಲು ಹತ್ತುತ್ತಿದ್ದೆ. ಬಾಯಲ್ಲಿ ನೀರು ತುಂಬಿಕೊಂಡವಳು ಸೀಟಿಗಾಗಿ ಯಾರ ಹತ್ತಿರವೂ ಜಗಳವಾಡುವ ಹಾಗಿಲ್ಲ. ಲೇಡೀಸ್ ಡಬ್ಬಿಯಲ್ಲಿ ಅದು ಸಣ್ಣ ಕಷ್ಟವಲ್ಲ.

ನನ್ನ ಸ್ವಭಾವವನ್ನೂ ಹೇಳಿಬಿಡಬೇಕು. ನಾನು ಮೊಸರಿನಲ್ಲಿ ಕಲ್ಲು ಹುಡುಕುವವಳು ಎಂದು ಮನೆಯವರು ಹೇಳುತ್ತಾರೆ. ಸುಳ್ಳಲ್ಲ. ಭೈಯಾ ತಂದ ಹಾಲನ್ನು ಉಗುರಿನ ಮೇಲೆ ಒಂದು ತೊಟ್ಟು ಬಿಟ್ಟು ನೋಡದೆ ನಾನು ಪಾತ್ರೆಗೆ ಹೊಯ್ದವಳಲ್ಲ. ಕೆಲಸವೂ ಅಂಥದ್ದೇ ಸಿಕ್ಕಿದೆ. ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಕ್ಲೇಮಿನ ಕಾಗದ ನೋಡುವ ಟೇಬಲ್ಲು ನನ್ನದು. ಸತ್ತವನು ಖಂಡಿತವಾಗಿ ಸತ್ತಿದ್ದಾನೆಯೇ ಎಂದು ಮೂರು ಕಾಗದ ಕೇಳಿದ ಮೇಲೆಯೇ ನಾನು ಸಹಿ ಹಾಕುವುದು. ಇಂಥವಳು ಹಲ್ಲು ನೋಯುವಾಗ ಹಲ್ಲನ್ನು ಅನುಮಾನಿಸುತ್ತಾಳೆಯೇ? ಚಹಾಪುಡಿಗೆ ಬಣ್ಣ ಬೆರೆಸಿದ್ದಾರೆ ಎಂದು ಅಂಗಡಿ ಬದಲಿಸಿದೆ. ಆಮೇಲೆ ಹಲ್ಲುಪುಡಿ ಬದಲಿಸಿದೆ. ಲವಂಗದೆಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಇಟ್ಟೆ. ಅದಕ್ಕೂ ಕಡಿಮೆಯಾಗದಾಗ ಎಣ್ಣೆಯೇ ಬೆರಕೆಯದು ಎಂದು ತೀರ್ಮಾನಿಸಿದೆ.

ಬರಬರುತ್ತ ಬಾಯಲ್ಲಿ ಏನೂ ಇಲ್ಲದಾಗಲೂ ನೋವು ತಾನಾಗಿ ಬರತೊಡಗಿತು. ಕಚೇರಿಯಲ್ಲಿ ಸುಮ್ಮನೆ ಕೂತಿರುವಾಗ ಹಲ್ಲಿನೊಳಗೆ ನಾಡಿ ಬಡಿದ ಹಾಗಾಗುತ್ತಿತ್ತು. ಅಲ್ಲಿಂದ ಕಿವಿಗೆ ಹತ್ತುತ್ತಿತ್ತು. ಮಲಗಿದರೆ ಇನ್ನೂ ಜೋರು.

"ಏ ಜಲಜ, ಹಲ್ಲಿನ ಡಾಕ್ಟ್ರಿಗೆ ತೋರಿಸು ಮಾರಾಯ್ತಿ," ಎಂದರು ಮನೆಯವರು. "ನೀನು ಚಹಾಪುಡಿ ಬದಲಿಸಿ ಬದಲಿಸಿ ನನಗೆ ಚಹಾ ಅಂದ್ರೇನೇ ಬೇಡ ಆಗಿದೆ."

ಡಾಕ್ಟರನ್ನು ಹೇಳಿಕೊಟ್ಟವಳು ಸುನಂದ. ಅವಳನ್ನು ತಿಳಿಯದವರಿಗಾಗಿ ಹೇಳುತ್ತೇನೆ. ನಮ್ಮ ಬಿಲ್ಡಿಂಗಿನಲ್ಲೇ ಕೆಳಗಿನ ಮಾಳಿಗೆಯಲ್ಲಿರುವವಳು, ಕುಂದಾಪುರದ ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಶನಿವಾರದ ಭಜನೆಗೆ ಹಾರ್ಮೋನಿಯಂ ನುಡಿಸುತ್ತಾಳೆ. ದಾದರಿನಲ್ಲಿ ಅವಳ ಕೆಲಸ, ಬೆಳಿಗ್ಗೆ ಇಬ್ಬರದೂ ಒಂದೇ ಗಾಡಿ. ನನ್ನನ್ನು ಅಕ್ಕ ಎನ್ನುತ್ತಾಳೆ, ನಾನು ಹೇಳಿದ್ದನ್ನೆಲ್ಲ ನಂಬುತ್ತಾಳೆ. ಅವಳ ಒಂದು ಹಲ್ಲೂ ಕೆಟ್ಟು, ಸ್ಟೇಶನ್ ಹತ್ತಿರದ ಒಬ್ಬ ಮರಾಠಿ ಡಾಕ್ಟರ ಹತ್ತಿರ ಎರಡು ಸಲ ಹೋಗಿ ಬಂದಿದ್ದಳು. ಇನ್ನೂ ಮೂರು ಸಲ ಹೋಗಲಿಕ್ಕಿತ್ತು.

ಡಾಕ್ಟರು ಮೆಲುದನಿಯ ಮನುಷ್ಯ. ಪುಟ್ಟ ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲನ್ನು ಕುಟ್ಟುತ್ತ ಬಂದು ಆ ಹಲ್ಲಿಗೆ ತಾಗಿಸಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಆಮೇಲೆ ಪ್ರಶ್ನೆಗಳು. ಚಹಾ ಕುಡಿದ ಮೇಲೆ ನೋವು ಎಷ್ಟು ಹೊತ್ತು ನಿಲ್ಲುತ್ತದೆ? ಏನೂ ತಿನ್ನದೆ ಇದ್ದಾಗಲೂ ಬರುತ್ತದೆಯೇ? ತಣ್ಣೀರಿಗೆ ಕಡಿಮೆಯಾಗುತ್ತದೆಯೇ? ನಾನು ಹೌದು ಹೌದು ಎನ್ನುತ್ತ ಹೋದೆ. ಆದರೆ ಇದನ್ನೆಲ್ಲ ಸುನಂದ ಮೊದಲೇ ಇವರ ಕಿವಿಗೆ ಹಾಕಿದ್ದಾಳೋ ಎಂಬ ಗುಮಾನಿ ಒಳಗೊಳಗೇ ಇತ್ತು. ಎಕ್ಸರೇ ತೆಗೆದು, ಎರಡು ಬೆರಳಿನಷ್ಟು ಫಿಲ್ಮನ್ನು ದೀಪಕ್ಕೆ ಹಿಡಿದು ತೋರಿಸಿದರು. ಹುಳುಕು ಹಲ್ಲಿನೊಳಗಿನ ನರದವರೆಗೆ ಹೋಗಿದೆಯಂತೆ. ಕೀಳಬೇಕಾಗಿಲ್ಲ, ರೂಟ್ ಕೆನಾಲ್ ಮಾಡೋಣ ಎಂದರು. ಒಳಗಿನ ಕೆಟ್ಟ ನರ ತೆಗೆದು, ಬೇರಿನ ನಾಳ ತೊಳೆದು, ತುಂಬಿಸಿ ಮುಚ್ಚಿದರೆ ಹಲ್ಲು ಉಳಿಯುತ್ತದೆ, ನಾಲ್ಕೈದು ಸಲ ಬರಬೇಕು ಎಂದರು.

"ಯೇ ಫಿಲ್ಮ್ ಮೇರಾ ಹೀ ಹೈ, ಕ್ಯಾ ಗ್ಯಾರಂಟಿ?" ಈ ಫಿಲ್ಮು ನನ್ನದೇ ಎಂಬುದಕ್ಕೆ ಏನು ಗ್ಯಾರಂಟಿ ಎಂದು ಕೇಳಿದೆ.

ಡಾಕ್ಟರು ನಕ್ಕರು. "ಅಭೀ ತೋ ಆಪ್‌ಕೇ ಮುಹ್ ಸೇ ನಿಕಾಲಾ, ಮ್ಯಾಡಮ್." ಈಗಷ್ಟೇ ನಿಮ್ಮ ಬಾಯಿಂದ ತೆಗೆದದ್ದಲ್ಲವೇ ಎಂದು. ಹೊರಡುವಾಗ ಇನ್ನೊಂದು ಮಾತು ಹೇಳಿದರು. "ದರ್ದ್ ಅಪ್ನೇ ಆಪ್ ಬಂದ್ ಹೋ ಗಯಾ, ತೋ ಭೀ ಆನಾ." ನೋವು ತಾನಾಗಿ ನಿಂತರೂ ಬರಬೇಕು, ಒಳಗಿನ ನರ ಸತ್ತಾಗಲೂ ನೋವು ನಿಲ್ಲುತ್ತದೆ, ಅದು ವಾಸಿಯಾದದ್ದಲ್ಲ ಎಂದು ಬಿಡಿಸಿ ಹೇಳಿದರು.

ಮೆಟ್ಟಿಲಿಳಿಯುವಾಗ ನನ್ನ ತಲೆ ಓಡತೊಡಗಿತು. ನೋಡಿ ಇವನ ಚಾಲಾಕಿ. ನೋವಿದ್ದರೂ ಬಾ, ನೋವಿಲ್ಲದಿದ್ದರೂ ಬಾ. ಊರಲ್ಲಿ ನಮ್ಮ ಅಜ್ಜನ ಹಲ್ಲನ್ನು ಒಂದೇ ಏಟಿಗೆ ಕಿತ್ತು ಕೈಗೆ ಕೊಟ್ಟಿದ್ದರು, ಇವನಿಗೆ ಐದು ಸಲ ಬೇಕಂತೆ. ಹೀಗೆ ಎರಡು ಕಡೆಯೂ ಹಿಡಿತ ಇಟ್ಟುಕೊಂಡ ಕಾಗದ ನನ್ನ ಟೇಬಲ್ಲಿಗೆ ಬಂದರೆ ಕೆಂಪು ಗೆರೆ ಎಳೆದು ವಾಪಸ್ ಕಳಿಸುತ್ತೇನೆ. ನಾನು ಮತ್ತೆ ಅಲ್ಲಿಗೆ ಹೋಗಲಿಲ್ಲ.

ಹೋದದ್ದು ಸಯನ್‌ನಲ್ಲಿರುವ ನಮ್ಮ ಗಣಪತಿಯ ಗುಡಿಗೆ. ನಮ್ಮ ಕಡೆ ಕಣ್ಣುಬೇನೆಗೆ ಬೆಳ್ಳಿಯ ಕಣ್ಣು, ಕಾಲುನೋವಿಗೆ ಬೆಳ್ಳಿಯ ಕಾಲು ಹರಕೆ ಹೇಳುವ ಕ್ರಮವುಂಟಲ್ಲ. "ಅಪ್ಪಾ, ನೀನೂ ಒಂದು ಹಲ್ಲು ಕಳೆದುಕೊಂಡವನು. ಈ ನೋವು ನಿಲ್ಲಿಸು, ನಿನಗೊಂದು ಬೆಳ್ಳಿಯ ಹಲ್ಲು ಒಪ್ಪಿಸುತ್ತೇನೆ," ಎಂದು ಹೇಳಿಕೊಂಡು ಬಂದೆ.

ಆರನೆಯ ದಿನ ನೋವು ನಿಂತಿತು. ಬೆಳಿಗ್ಗೆ ಹೆದರಿ ಹೆದರಿ ಚಹಾ ಕುಡಿದೆ, ಏನೂ ಆಗಲಿಲ್ಲ. ಇನ್ನೊಂದು ಲೋಟ ಕುದಿಕುದಿ ಕುಡಿದೆ. ಆ ಬದಿಯಲ್ಲಿ ಹಲ್ಲು ಇದೆಯೋ ಇಲ್ಲವೋ ಎನ್ನುವಷ್ಟು ನೆಮ್ಮದಿ. ನನಗೆ ಅಳುವೇ ಬಂತು. ಜನ್ಮದಲ್ಲಿ ಮೊದಲ ಸಲ ನಾನು ಒಂದೂ ಕಾಗದ ಕೇಳದೆ ನಂಬಿದೆ.

ಬೆಳ್ಳಿಯ ಹಲ್ಲು ಮಾಡಿಸಿ ಅರ್ಚಕ ಭಟ್ಟರ ಕೈಗೆ ಒಪ್ಪಿಸಿದೆ. ಮರುದಿನ ಶನಿವಾರ ಭಜನೆ ಮುಗಿದ ಮೇಲೆ ಮೈಕು ಕೇಳಿ ತೆಗೆದುಕೊಂಡೆ. "ಡಾಕ್ಟ್ರು ಐದು ಸಲ ಬಾ ಅಂದ್ರು. ನನ್ನ ಗಣಪತಿ ಒಂದೇ ಹರಕೆಗೆ ವಾಸಿ ಮಾಡಿದ," ಎಂದೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ.

ಹಾರ್ಮೋನಿಯಂ ಮುಚ್ಚುತ್ತ ಸುನಂದ ಕೇಳಿದಳು. "ಅಕ್ಕ, ನನಗೆ ಇನ್ನೂ ಮೂರು ಸಲ ಹೋಗ್ಲಿಕ್ಕುಂಟಲ್ಲ?"

"ನೋವುಂಟಾ ಈಗ?"

"ಇಲ್ಲ, ಈಗೆಂತ ಇಲ್ಲ."

"ಮತ್ತೆಂತಕ್ಕೆ ಹೋಗ್ತಿ? ನಿನ್ನಂಥವರು ಸಿಕ್ಕಿದ್ರೆ ಅವರಿಗೆ ಹಬ್ಬ. ಗಣಪತಿಗೆ ಹೇಳಿಕೊ, ಸಾಕು."

ಅವಳು ಹೇಳಿಕೊಂಡಳು. ಡಾಕ್ಟರ ಹತ್ತಿರ ಹೋಗುವುದನ್ನು ಬಿಟ್ಟಳು. ಅವಳ ಹಲ್ಲು ಆಗ ಅರ್ಧ ತೆರೆದು, ಮೇಲೆ ತಾತ್ಕಾಲಿಕ ಸಿಮೆಂಟು ಮೆತ್ತಿದ ಸ್ಥಿತಿಯಲ್ಲಿತ್ತು. ಅದು ನನಗೆ ಗೊತ್ತಿತ್ತು.

ಚೌತಿಯ ದಿನ ಚಕ್ಕುಲಿ ಕಚ್ಚುವಾಗ ಆ ಹಲ್ಲು ಬೇರೆ ಹಲ್ಲುಗಳಿಗಿಂತ ಎತ್ತರವಾದ ಹಾಗೆ ಅನಿಸಿತು. ನೋವೆಂದರೆ ನೋವಲ್ಲ, ಒತ್ತಿದರೆ ಒಂಥರಾ. ಮತ್ತೊಂದು ವಾರಕ್ಕೆ ಹಲ್ಲಿನ ಬುಡದಲ್ಲಿ, ವಸಡಿನ ಮೇಲೆ, ಸಾಸಿವೆಯಷ್ಟು ಗುಳ್ಳೆ ಎದ್ದಿತು. ಒಡೆದು ಬಾಯೆಲ್ಲ ಕೆಟ್ಟ ರುಚಿಯಾಯಿತು, ಹೋಯಿತು. ನಾಲ್ಕು ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಬಂತು. ಕನ್ನಡಿಯಲ್ಲಿ ನೋಡಿದರೆ ಹಲ್ಲಿನ ಬಣ್ಣವೂ ಪಕ್ಕದ ಹಲ್ಲಿಗಿಂತ ಮಾಸಿತ್ತು. ಉಷ್ಣ ಎಂದೆ. ಬದನೆಕಾಯಿ ನಂಜು ಎಂದೆ. ಮೈಕಿನಲ್ಲಿ ಮಾತಾಡಿದ್ದಕ್ಕೆ ಯಾರದೋ ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸು ನಿವಾಳಿಸಿದೆ. ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವರ ಮುಖಗಳನ್ನು ಒಂದೊಂದಾಗಿ ನೆನೆದು ಅನುಮಾನಪಟ್ಟೆ. ಕ್ಷಮಿಸಿ, ನಿಮ್ಮಲ್ಲಿ ಕೆಲವರನ್ನು ನಾನು ಎರಡು ತಿಂಗಳು ಓರೆಗಣ್ಣಿನಿಂದ ನೋಡಿದ್ದೇನೆ.

ಆ ಡಾಕ್ಟರ ಮಾತು ನೆನಪಾಗಲಿಲ್ಲವೆಂದಲ್ಲ. ದಿನಾ ಆಗುತ್ತಿತ್ತು. ಆದರೆ ಅಷ್ಟು ಜನರ ಎದುರು ವಾಸಿಯಾಯಿತು ಎಂದವಳು, ಬೆಳ್ಳಿಯ ಹಲ್ಲು ಒಪ್ಪಿಸಿದವಳು, ಈಗ ಹಲ್ಲು ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದರೆ ಗಣಪತಿಯ ಮರ್ಯಾದೆ ಏನಾಗಬೇಕು? ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು ಎನ್ನುತ್ತಾರಲ್ಲ, ಹಾಗಾಯಿತು. ಗಣಪತಿಯ ಮರ್ಯಾದೆ ಎಂದು ಹೇಳಿಕೊಳ್ಳುತ್ತಿದ್ದೆ, ನಿಜದಲ್ಲಿ ಅದು ನನ್ನ ಮರ್ಯಾದೆ. ಎಡಗಡೆಯಲ್ಲೇ ಅಗಿಯತೊಡಗಿದೆ. "ಎಂತ ಜಲಜ, ಒಂದೇ ಬದಿಯಲ್ಲಿ ತಿಂತಿ?" ಎಂದು ಮನೆಯವರು ಕೇಳಿದ್ದಕ್ಕೆ, ಊಟದ ತಟ್ಟೆ ನೋಡಿ, ನನ್ನ ಬಾಯಿ ನೋಡಬೇಡಿ ಎಂದು ಬೈದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ನವರಾತ್ರಿ ಕಳೆದ ಮೇಲೆ ಒಂದು ಮಂಗಳವಾರ. ಎರಡು ದಿನ ಕಾಣದಿದ್ದ ಸುನಂದ ಪ್ಲಾಟ್‌ಫಾರ್ಮಿಗೆ ಬಂದಳು, ಕೆನ್ನೆಗೆ ಸೆರಗು ಒತ್ತಿ ಹಿಡಿದಿದ್ದಳು. ಅವಳ ಗಂಡನಿಗೆ ಭಾಂಡುಪಿನ ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿ, ಅವರು ಆಗಲೇ ಹೊರಟುಹೋಗಿದ್ದರು. ಗಾಡಿ ಹತ್ತಿ ಕೂತ ಮೇಲೆ ಸೆರಗು ಸರಿಸಿದಳು. ಬಲಗೆನ್ನೆ ಊದಿ, ಊತ ದವಡೆಯ ಕೆಳಗೆ ಕುತ್ತಿಗೆಯವರೆಗೆ ಇಳಿದಿತ್ತು. ಕೈ ಮುಟ್ಟಿದೆ, ಜ್ವರ ಸುಡುತ್ತಿತ್ತು.

ಬಾಯಿ ತೆರೆಯಲಾಗದೆ ತೊದಲುತ್ತ ಹೇಳಿದಳು. "ಅಕ್ಕ, ನನ್ನ ಹರಕೆಯಲ್ಲಿ ಎಂತದೋ ತಪ್ಪಾಗಿದೆ. ಭಕ್ತಿ ಸಾಕಾಗ್ಲಿಲ್ಲ ಕಾಣ್ತದೆ. ನಿಮ್ಮದು ಫಲಿಸಿತಲ್ಲ."

ಅವಳು ಹಾಗೆನ್ನುವಾಗ ನನ್ನ ಬಾಯಲ್ಲಿ ಅದೇ ಕೆಟ್ಟ ರುಚಿ ಇತ್ತು, ಗುಳ್ಳೆ ಬೆಳಿಗ್ಗೆಯಷ್ಟೇ ಒಡೆದಿತ್ತು. ನಾನು ಹೇಳಲಿಲ್ಲ. ಇವಳು ಎಲ್ಲ ತಿಳಿದು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೋ ಎಂದು ಕೂಡ ಒಂದು ಕ್ಷಣ ಅನಿಸಿತು. ಆ ಪಾಪದವಳ ಮೇಲೂ ಅನುಮಾನ. ನನ್ನ ಮನಸ್ಸು ಎಷ್ಟು ಕೆಟ್ಟಿತ್ತು ಎಂದು ಇದರಿಂದ ತಿಳಿದುಕೊಳ್ಳಿ.

ಘಾಟ್ಕೋಪರ್ ದಾಟಿದ ಮೇಲೆ ನನ್ನ ಬಾಟ್ಲಿಯಿಂದ ನೀರು ಕುಡಿಸಲು ನೋಡಿದೆ. ಬಾಯಿ ಒಂದು ಬೆರಳಿನಷ್ಟೂ ತೆರೆಯಲಿಲ್ಲ. ಒಳಗೆ ಹೋದ ಗುಟುಕು ಇಳಿಯದೆ ತುಟಿಯಿಂದ ಹೊರಗೆ ಬಂತು. ಉಸಿರು ಎಳೆಯುವಾಗ ಗೊರ ಗೊರ ಸದ್ದು. ಎದುರು ಕೂತಿದ್ದ ಮೀನು ಮಾರುವ ಹೆಂಗಸು ನನಗೆ ಗದರಿದಳು. "ಬಘತೇ ಕಾಯ್? ಸಾಯನ್ ಉತರ್, ಹಾಸ್ಪಿಟಲ್‌ಲಾ ನೇ!" ನೋಡುತ್ತ ಕೂತಿದ್ದೀಯಾ, ಸಯನ್‌ನಲ್ಲಿ ಇಳಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು. ಅವಳೇ ಬುಟ್ಟಿ ಬದಿಗಿಟ್ಟು, ಜನರನ್ನು ತಳ್ಳಿ, ಸುನಂದಳನ್ನು ಇಳಿಸಿಕೊಟ್ಟಳು.

ಸ್ಟೇಶನ್ನಿನಿಂದ ಟ್ಯಾಕ್ಸಿ ಮಾಡಿ ದೊಡ್ಡಾಸ್ಪತ್ರೆಗೆ ಒಯ್ದೆ. ಕ್ಯಾಶುವಲ್ಟಿಯ ಡಾಕ್ಟರು ಕುತ್ತಿಗೆ ಮುಟ್ಟಿ ನೋಡಿದವರೇ ಸ್ಟ್ರೆಚರ್ ತರಿಸಿದರು. ಹಲ್ಲಿನಿಂದ ಇಳಿದ ಕೀವು, ಗಂಟಲು ಮುಚ್ಚುತ್ತಿದೆ, ಹಲ್ಲಿನ ವಿಭಾಗದವರನ್ನು ಕರೆಯಿರಿ ಎಂದು ವಾರ್ಡ್‌ಬಾಯ್‌ನನ್ನು ಓಡಿಸಿದರು. ನಾನು ಕಾರಿಡಾರಿನ ಗೋಡೆಗೆ ಒರಗಿ ನಿಂತೆ. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಎಂದು ನಮ್ಮಮ್ಮ ಬೈಯುವುದಿತ್ತು. ಆ ಮಾತು ನನಗಾಗಿಯೇ ಇದ್ದದ್ದು. "ಗಣಪತಿ, ನನ್ನ ಬಾಯಲ್ಲಿರುವ ಅಷ್ಟೂ ಹಲ್ಲು ಉದುರಲಿ, ಇವಳನ್ನು ಉಳಿಸು," ಎಂದು ಬೇಡಿದೆ. ಈ ಸಲ ಹರಕೆ ಹೇಳಲಿಲ್ಲ. ಏನು ಕೊಡುತ್ತೇನೆ ಎಂದು ಹೇಳುವ ಮುಖ ನನಗಿರಲಿಲ್ಲ.

ಕಣ್ಣು ಒರೆಸಿ ನೋಡಿದರೆ, ಬಿಳಿ ಕೋಟು ಹಾಕಿಕೊಂಡು ಬೇಗ ಬೇಗ ನಡೆದು ಬರುತ್ತಿದ್ದವರು ಮುಲುಂಡಿನ ಅದೇ ಡಾಕ್ಟರು.

ಸತ್ಯ ಬರೆಯುತ್ತೇನೆ ಎಂದಿದ್ದೇನೆ. ನನ್ನ ಮನಸ್ಸಿಗೆ ಮೊದಲು ಬಂದದ್ದು, ಇವನಿಗೆ ಯಾರು ಸುದ್ದಿ ಮುಟ್ಟಿಸಿದರು ಎಂದು. ಆಮೇಲೆ ನರ್ಸ್ ಹೇಳಿದಳು, ಅವರು ಎಷ್ಟೋ ವರ್ಷದಿಂದ ವಾರಕ್ಕೆ ಎರಡು ಬೆಳಗು ಇಲ್ಲಿ ಆನರರಿಯಾಗಿ, ಸಂಬಳವಿಲ್ಲದೆ ಬಂದು ಬಡವರ ಹಲ್ಲು ನೋಡುತ್ತಾರಂತೆ. ಅದರಲ್ಲಿ ಒಂದು ಮಂಗಳವಾರ. ಇಂಥ ಮನುಷ್ಯನನ್ನು ನಾನು ವ್ಯಾಪಾರಿ ಎಂದು ತೀರ್ಮಾನಿಸಿದ್ದೆ.

ಸುನಂದಳ ಮುಖ ನೋಡಿದ ಕೂಡಲೇ ಅವರಿಗೆ ಗುರುತು ಸಿಕ್ಕಿತು. ಯಾವ ಹಲ್ಲು ಎಂದು ಹುಡುಕಬೇಕಾಗಿರಲಿಲ್ಲ, ಬಾಯಿ ತೆರೆಯದಿದ್ದರೂ ಅವರಿಗೆ ಗೊತ್ತಿತ್ತು, ಅದನ್ನು ತೆರೆದವರು ಅವರೇ. "ತೀಸ್ರೀ ಬಾರ್ ಕ್ಯೂ ನಹೀ ಆಯೀ?" ಮೂರನೆಯ ಸಲ ಯಾಕೆ ಬರಲಿಲ್ಲ ಎಂದು ಕೇಳಿದರು. ಸುನಂದ ಮಾತಾಡಲಾರಳು. ನನ್ನ ಕಡೆ ನೋಡಿದಳು. ಆ ನೋಟದಲ್ಲಿ ದೂರು ಇರಲಿಲ್ಲ, ಅಕ್ಕ ಏನು ಹೇಳಬೇಕೋ ಹೇಳುತ್ತಾರೆ ಎಂಬ ನಂಬಿಕೆ ಮಾತ್ರ ಇತ್ತು.

"ಮೈನೇ ರೋಕಾ," ಎಂದೆ. ನಾನೇ ತಡೆದದ್ದು.

ಅವರು ಒಳಗೆ ಹೋದರು. ದವಡೆಯ ಕೆಳಗೆ ಕೊಯ್ದು ಕೀವು ತೆಗೆದರು, ಸಲೈನು, ಇಂಜೆಕ್ಷನ್ನು ಶುರುವಾಯಿತು. ಮಧ್ಯಾಹ್ನ ಅವಳ ಗಂಡ ಬರುವ ಹೊತ್ತಿಗೆ ಉಸಿರಿನ ಸದ್ದು ನಿಂತಿತ್ತು. ಸಂಜೆಯವರೆಗೆ ಕಾದಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ನಾಲ್ಕನೆಯ ದಿನ ಬಾಯಿ ತೆರೆಯಲು ಬಂದಾಗ ಆ ಹಲ್ಲನ್ನು ಕೀಳಬೇಕಾಯಿತು. ಉಳಿಸುವ ಹೊತ್ತು ಮೀರಿತ್ತು.

ಮೊದಲ ದಿನವೇ, ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ, ಡಾಕ್ಟರು ನನ್ನನ್ನು ಕೇಳಿದ್ದರು. "ಔರ್ ಆಪ್‌ಕಾ ದಾಂತ್? ದರ್ದ್ ಬಂದ್ ಹೋ ಗಯಾ ಹೋಗಾ." ನಿಮ್ಮ ಹಲ್ಲು ಹೇಗಿದೆ, ನೋವು ನಿಂತಿರಬೇಕಲ್ಲ ಎಂದು. ಸುಳ್ಳು ಹೇಳಬಹುದಿತ್ತು. ಕಾರಿಡಾರಿನಲ್ಲಿ, ಅಷ್ಟು ಜನರ ನಡುವೆ, ನಾನು ಬಾಯಿ ತೆರೆದು ತೋರಿಸಿದೆ.

ನನ್ನ ಹಲ್ಲಿನ ನರ ಜುಲೈಯಲ್ಲೇ ಸತ್ತಿತ್ತು. ನೋವು ನಿಂತದ್ದು ಅದಕ್ಕೆ. ಹೊಸ ಫಿಲ್ಮಿನಲ್ಲಿ ಬೇರಿನ ತುದಿಗೆ ಒಂದು ಕಪ್ಪು ಮಚ್ಚೆ ಕಾಣಿಸಿತು, ಕೀವು ಅಲ್ಲಿಂದ ವಸಡಿಗೆ ದಾರಿ ಮಾಡಿಕೊಂಡು ಗುಳ್ಳೆಯಾಗಿ ಬರುತ್ತಿತ್ತು. ದಾರಿ ಇದ್ದುದರಿಂದ ನನಗೆ ಊದಲಿಲ್ಲ, ಸುನಂದಳಿಗೆ ದಾರಿ ಸಿಗದೆ ಕು‍ತ್ತಿಗೆಗೆ ಇಳಿಯಿತು, ಇಷ್ಟೇ ವ್ಯತ್ಯಾಸ ಎಂದರು. ಐದು ಸಲ ಹೋದೆ. ಪ್ರತಿ ಸಲವೂ ಸೂಜಿ ಹೊಸತೇ ಎಂದು ಕೇಳಿದೆ, ಹುಟ್ಟುಗುಣ ಸುಟ್ಟರೂ ಹೋಗದು. ಅವರು ಪ್ರತಿ ಸಲವೂ ತೋರಿಸಿದರು. ನನ್ನ ಹಲ್ಲು ಉಳಿಯಿತು.

ಇದೇ ನನಗೆ ಸಹಿಸಲಾಗದ್ದು. ಸುಳ್ಳು ಹೇಳಿದವಳ ಹಲ್ಲು ಉಳಿಯಿತು, ನಂಬಿದವಳ ಹಲ್ಲು ಹೋಯಿತು. ಗುಡಿಗೆ ಹೋಗಿ, ಆ ಬೆಳ್ಳಿಯ ಹಲ್ಲನ್ನು ವಾಪಸ್ ಕೊಡಿ, ನಾನು ಸುಳ್ಳು ಹರಕೆ ತೀರಿಸಿದೆ ಎಂದು ಭಟ್ಟರ ಮುಂದೆ ಅತ್ತೆ.

"ಎಂತಕ್ಕೆ ವಾಪಸ್?" ಎಂದರು ಅವರು. "ಅವನಿಗೆ ಕೊಟ್ಟದ್ದು ಅವನಲ್ಲೇ ಇರಲಿ. ನೀವು ಮೈಕಿನಲ್ಲಿ ಹೇಳಿದ್ದುಂಟಲ್ಲ, ಅದನ್ನು ವಾಪಸ್ ತೆಗೊಳ್ಳಿ." ಮತ್ತೆ ಮೇಲ್ದುಟಿ ಎತ್ತಿ ತಮ್ಮ ಮುಂದಿನ ಹಲ್ಲು ತೋರಿಸಿದರು. "ಇದರೊಳಗಿನ ನರ ತೆಗೆಸಿ ಆರು ವರ್ಷ ಆಯ್ತು. ಈ ಹಲ್ಲು ಹೋದ್ರೆ ನನ್ನ ಮಂತ್ರವೆಲ್ಲ ಗಾಳಿ. ಇವನಿಗೆ ನಮಸ್ಕಾರ ಮಾಡಿಯೇ ಡಾಕ್ಟ್ರ ಹತ್ತಿರ ಹೋದದ್ದು ನಾನು."

"ನಾನು ಬೆಳ್ಳಿ ಹಲ್ಲು ತಂದ ದಿನ ಇದನ್ನು ಯಾಕೆ ಹೇಳಲಿಲ್ಲ ಭಟ್ರೇ?"

"ವಾಸಿ ಆಯ್ತು ಅಂದ್ರಿ. ಭಕ್ತರ ಬಾಯಿ ತೆರೆಸಿ ನೋಡುವ ಕ್ರಮ ನಮ್ಮಲ್ಲಿಲ್ಲ."

ಮುಂದಿನ ಶನಿವಾರ ಮೈಕು ಹಿಡಿದು ಎಲ್ಲ ಹೇಳಿದೆ. ಸುನಂದ ಅಂದು ಹಾರ್ಮೋನಿಯಂಗೆ ಬಂದಿದ್ದಳು, ಕುತ್ತಿಗೆಗೆ ಪಟ್ಟಿ ಇತ್ತು. ಮುಗಿದ ಮೇಲೆ, "ಅಕ್ಕ, ಮಂಗಳಾರತಿಗೆ ಶ್ರುತಿ ಕೊಡ್ಲಾ?" ಎಂದು ಕೇಳಿದಳು, ಅಷ್ಟೇ. ನನ್ನ ಗಣಪತಿಯ ಮೇಲೆ ನನಗೆ ಈಗ ಇರುವ ನಂಬಿಕೆ ಮೊದಲು ಇರಲಿಲ್ಲ. ಬೈಯುವುದಕ್ಕೆ ಒಬ್ಬ ಮೀನಿನವಳನ್ನು ಎದುರು ಕೂರಿಸಿದವನು, ಆ ಮಂಗಳವಾರ ಆ ಕಾರಿಡಾರಿಗೆ ಆ ಮನುಷ್ಯನನ್ನು ನಡೆಸಿಕೊಂಡು ಬಂದವನು ಅವನೇ. ಇದಕ್ಕೆ ನಾನು ಯಾವ ಕಾಗದವನ್ನೂ ಕೇಳುವುದಿಲ್ಲ.

ಆದರೆ ಒಂದು ಉಳಿದಿದೆ, ಅದಕ್ಕಾಗಿಯೇ ಇದನ್ನು ಬರೆದು ಅಚ್ಚಿಗೆ ಕೊಟ್ಟದ್ದು. ನಾನು ಮೊದಲ ಸಲ ಮೈಕಿನಲ್ಲಿ ಮಾತಾಡಿದ ದಿನ, ಪ್ರಸಾದದ ಸಾಲಿನಲ್ಲಿ ಒಬ್ಬರು ನನ್ನ ಕೈ ಹಿಡಿದುಕೊಂಡಿದ್ದರು. ಮೈಸೂರು ಕಡೆಯ ಮಾತು, ವಿಲೆ ಪಾರ್ಲೆಯಿಂದ ಬಂದದ್ದು ಎಂದರು. "ಎಷ್ಟು ದಿನಕ್ಕೆ ಕಮ್ಮಿ ಆಯ್ತು ರೀ? ನನ್ನ ಮಗಳಿಗೂ ಹಿಂಗೇ, ಬಿಸಿ ಮುಟ್ಸಕ್ಕಾಗಲ್ಲ. ಪರೀಕ್ಷೆ ಬೇರೆ ಹತ್ರ ಬಂತು." ಆರು ದಿನ ಎಂದು ನಾನು ಹೆಮ್ಮೆಯಿಂದ ಹೇಳಿದ್ದೆ. ಅವರು ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಹೋದರು, ಮತ್ತೆ ಬರಲಿಲ್ಲ. ಯಾರ ಜತೆ ಬಂದವರು ಎಂದು ಪ್ರತಿಯೊಬ್ಬರನ್ನೂ ಕೇಳಿದ್ದೇನೆ, ಯಾರಿಗೂ ಗೊತ್ತಿಲ್ಲ. ಅವರ ಹೆಸರನ್ನು ನಾನು ಕೇಳಿಕೊಳ್ಳಲಿಲ್ಲ.

ಅಮ್ಮಾ, ಇದು ನಿಮ್ಮ ಕೈಗೆ ಬಂದರೆ, ನಾನು ಅಂದು ಹೇಳಿದ್ದು ತಪ್ಪು. ನಿಮ್ಮ ಮಗಳಿಗೆ ಇನ್ನೂ ನೋಯುತ್ತಿದ್ದರೆ ಒಳ್ಳೆಯದು, ಹೊತ್ತು ಮೀರಿಲ್ಲ. ನೋವು ನಿಂತುಹೋಗಿದ್ದರೆ, ದಯವಿಟ್ಟು ಇವತ್ತೇ ಅವಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.